ಪಂಪು ಎತ್ತೀತೇ? ಹಿರಿಯಡಕದ ತೋಟದ ಮನೆಯೊಂದಕ್ಕೆ ಪೆಟ್ರೋಲ್–ಗ್ಯಾಸ್ ಜನರೇಟರ್ ಆಯ್ದುಕೊಂಡ ಪ್ರಕರಣ

ಉಡುಪಿ ತಾಲೂಕಿನ ಹಿರಿಯಡಕದ ಒಳಭಾಗದಲ್ಲಿ ಅಡಿಕೆ ತೋಟದ ನಡುವೆ ಒಂದು ಹೆಂಚಿನ ಮನೆ. ಇರುವವರು ಎಪ್ಪತ್ತು ದಾಟಿದ ಗಂಡ ಹೆಂಡತಿ, ಜೊತೆಗೆ ಮಣಿಪಾಲಕ್ಕೆ ಕೆಲಸಕ್ಕೆ ಹೋಗುವ ಮಗ, ಸೊಸೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಮುಖ್ಯ ರಸ್ತೆಯಿಂದ ಮನೆಯವರೆಗಿನ ವಿದ್ಯುತ್ ತಂತಿ ತೋಟಗಳ ಮೇಲೇ ಹಾದು ಬರುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಜಿಲ್ಲೆಯಲ್ಲಿ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಜೂನ್ ಗಾಳಿಗೆ ಒಂದು ಅಡಿಕೆ ಮರ ಅಡ್ಡ ಬಿದ್ದರೆ ಒಂದು ರಾತ್ರಿ, ಹಲಸಿನ ಮರ ಬಿದ್ದರೆ ಎರಡು ದಿನ.

ಮನೆಯಲ್ಲಿ 150 ಆಂಪಿಯರ್-ಅವರ್ ಬ್ಯಾಟರಿಯ ಇನ್ವರ್ಟರ್ ಮೊದಲೇ ಇತ್ತು. ಅದು ದೀಪ, ಮೂರು ಫ್ಯಾನ್, ವೈಫೈ ನೋಡಿಕೊಳ್ಳುತ್ತಿತ್ತು. ಕರೆಂಟು ಎರಡನೆಯ ದಿನಕ್ಕೂ ಬಾರದಾಗ ಬ್ಯಾಟರಿ ಸೊನ್ನೆ, ಟ್ಯಾಂಕಿಯೂ ಸೊನ್ನೆ. ಬಾವಿ ತುಂಬಿ ತುಳುಕುತ್ತಿದ್ದರೂ ಬಚ್ಚಲಿನ ನಲ್ಲಿಯಲ್ಲಿ ನೀರಿಲ್ಲ. ಹಗ್ಗ ಕೊಡಪಾನ ಹಿಡಿದು ಸೇದುವ ವಯಸ್ಸು ಹಿರಿಯರದ್ದಲ್ಲ. ಮನೆಯ ಯಜಮಾನರು ಎಲೆಕ್ಟ್ರಿಷಿಯನ್‌ಗೆ ಹೇಳಿದ್ದು ಇಷ್ಟೇ: "ಬಾಕಿ ಎಲ್ಲ ಹೇಗೂ ಸುಧಾರಿಸ್ತೇವೆ ಮಾರಾಯ, ಪಂಪೊಂದು ಎತ್ತಿದ್ರೆ ಸಾಕು."

ಮಗನ ಪಟ್ಟಿ ಇದಕ್ಕಿಂತ ಉದ್ದ. ವರ್ಷಕ್ಕೊಮ್ಮೆ ಗದ್ದೆಯಲ್ಲಿ ಹುಡುಗರ ಅಂಡರ್‌ಆರ್ಮ್ ಕ್ರಿಕೆಟ್ ಪಂದ್ಯಾಟಕ್ಕೆ ಫ್ಲಡ್‌ಲೈಟ್, ನವರಾತ್ರಿ ಸಮಯ ಚಾವಡಿಯಲ್ಲಿ ತಾಳಮದ್ದಳೆಗೆ ಮೈಕ್ ಸೆಟ್, ಡಿಸೆಂಬರಿನಲ್ಲಿ ಗೆಳೆಯರೊಂದಿಗೆ ಹೊಳೆ ಬದಿಯಲ್ಲಿ ಡೇರೆ ಹಾಕಿದರೆ ನಾಲ್ಕು ದೀಪ. ಪೆಟ್ರೋಲ್ ಮತ್ತು ಎಲ್‌ಪಿಜಿ ಎರಡರಲ್ಲೂ ಓಡುವ, ಎತ್ತಿ ಸಾಗಿಸಬಹುದಾದ ಒಂದು ಜನರೇಟರ್ ತಂದರೆ ಎಲ್ಲವೂ ಮುಗಿಯಿತಲ್ಲ ಎಂಬುದು ಅವನ ಲೆಕ್ಕ. ಆ ಲೆಕ್ಕ ಅರ್ಧ ಸರಿಯಾಯಿತು, ಅರ್ಧ ಆಗಲಿಲ್ಲ.

ಮೊದಲು ಅಳತೆ

ಅಂಗಡಿಗೆ ಹೋಗುವ ಮುಂಚೆ ಮನೆಯ ಉಪಕರಣಗಳ ಕರೆಂಟನ್ನು, ವೈರನ್ನು ಕಚ್ಚಿ ಹಿಡಿದು ಅಳೆಯುವ ಕ್ಲ್ಯಾಂಪ್ ಮೀಟರಿನಿಂದ ಅಳೆಯಲಾಯಿತು. ಬಹಳ ಮಂದಿ ಇದೊಂದನ್ನು ಬಿಟ್ಟು ಉಳಿದೆಲ್ಲ ವಿಚಾರಿಸುತ್ತಾರೆ. ಫ್ರಿಡ್ಜ್ ಓಡುವಾಗ 130 ವ್ಯಾಟ್. ಎಲ್‌ಇಡಿ ದೀಪ ಎಂಟು, ಒಟ್ಟು 75. ಫ್ಯಾನ್ ಮೂರು, 210. ಟಿವಿ 80. ಮಿಕ್ಸಿ 750, ಆದರೆ ಐದು ನಿಮಿಷದ ಮಾತು. ಅರೆಯುವ ಗ್ರೈಂಡರ್ ಅರ್ಧ ಅಶ್ವಶಕ್ತಿ, ಅಂದರೆ ಸುಮಾರು 370. ಇನ್ವರ್ಟರ್ ಬ್ಯಾಟರಿ ಚಾರ್ಜ್ ಆಗುವಾಗ 250ರ ಆಸುಪಾಸು. ಇವನ್ನೆಲ್ಲ ಒಟ್ಟಿಗೆ ಹಾಕಿದರೂ ಎರಡು ಕಿಲೋವ್ಯಾಟ್ ತಲುಪುವುದಿಲ್ಲ.

ಪಂಪಿನ ಕತೆ ಬೇರೆ. ಬಾವಿಯೊಳಗೆ ಇಳಿಬಿಟ್ಟ 1 ಅಶ್ವಶಕ್ತಿಯ ಸಿಂಗಲ್ ಫೇಸ್ ಓಪನ್‌ವೆಲ್ ಸಬ್‌ಮರ್ಸಿಬಲ್ ಅದು. ಓಡುವಾಗ ಎಪ್ರಿಲ್‌ನಲ್ಲಿ 5.8 ಆಂಪಿಯರ್, ಜುಲೈಯಲ್ಲಿ 6.9. ಮಳೆಗಾಲದಲ್ಲಿ ನೀರು ಮೇಲೆ ಬಂದಿರುವಾಗ ಪಂಪಿಗೆ ಕೆಲಸ ಕಡಿಮೆ ಎಂದು ಯಾರಿಗಾದರೂ ಅನಿಸುತ್ತದೆ. ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ಆಗುವುದು ತಿರುಗುಮುರುಗು: ಎತ್ತಬೇಕಾದ ಎತ್ತರ ಇಳಿದಂತೆ ಅದು ಹೆಚ್ಚು ನೀರು ದೂಡುತ್ತದೆ, ಹೆಚ್ಚು ನೀರು ದೂಡಲು ಹೆಚ್ಚು ಕರೆಂಟು ಎಳೆಯುತ್ತದೆ. ನಮ್ಮ ಕರಾವಳಿಯಲ್ಲಿ ಕರೆಂಟು ಕೈಕೊಡುವುದೂ ಬಾವಿ ತುಂಬಿರುವ ತಿಂಗಳುಗಳಲ್ಲೇ. ಹಾಗಾಗಿ ಬೇಸಿಗೆಯಲ್ಲಿ ಅಳೆದ ಲೆಕ್ಕ ಹಿಡಿದು ಜನರೇಟರ್ ಕೊಂಡರೆ ಮಳೆಗಾಲಕ್ಕೆ ಅದು ಸಾಲದೆ ಬರಬಹುದು.

ಇನ್ನು ಸ್ಟಾರ್ಟ್ ಆಗುವ ಕ್ಷಣದ ಕರೆಂಟು. ಮೀಟರನ್ನು ಆ ಕ್ಷಣದ ಏರಿಕೆ ಹಿಡಿಯುವ ಇನ್‌ರಶ್ ಮೋಡಿಗೆ ಇಟ್ಟು ನೋಡಿದಾಗ 29 ಆಂಪಿಯರ್. ಇಂಡಕ್ಷನ್ ಮೋಟಾರು ನಿಂತಲ್ಲಿಂದ ಎದ್ದೇಳುವಾಗ ಓಡುವಾಗಿನ ನಾಲ್ಕೈದು ಪಟ್ಟು ಎಳೆಯುವುದು ಅದರ ಗುಣ. ಮೆಸ್ಕಾಂ ಲೈನಿನ ಹಿಂದೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಅದು ಗೊತ್ತೇ ಆಗುವುದಿಲ್ಲ, ಹೆಚ್ಚೆಂದರೆ ಬಲ್ಬು ಒಮ್ಮೆ ಕಣ್ಣು ಮಿಟುಕಿಸೀತು. ಜನರೇಟರಿನ ಹಿಂದೆ ಇರುವುದು ಒಂದು ಸಿಲಿಂಡರಿನ ಎಂಜಿನ್ ಮಾತ್ರ.

2,000 ಲೀಟರಿನ ಟ್ಯಾಂಕಿ ತುಂಬಲು ಈ ಪಂಪಿಗೆ ಬೇಕಾದದ್ದು ಸುಮಾರು 25 ನಿಮಿಷ. ದಿನಕ್ಕೊಮ್ಮೆ 25 ನಿಮಿಷ, ಅದರಲ್ಲೂ ಮೊದಲ ಒಂದು ಸೆಕೆಂಡು. ಯಾವ ಜನರೇಟರ್ ಎಂಬುದು ತೀರ್ಮಾನವಾಗುವುದು ಆ ಒಂದು ಸೆಕೆಂಡಿನಲ್ಲಿ.

ಎದುರಿಗಿದ್ದ ನಾಲ್ಕು ಯಂತ್ರಗಳು

ಮೊದಲನೆಯದು ಸೂಟ್‌ಕೇಸ್ ಗಾತ್ರದ ಇನ್ವರ್ಟರ್ ಜನರೇಟರ್. ಪೆಟ್ರೋಲಿನಲ್ಲಿ ಸತತ 1.6 ಕಿಲೋವ್ಯಾಟ್, 22 ಕಿಲೋ ತೂಕ, ಮುಚ್ಚಿದ ಕವಚ, ಮೆಲ್ಲನೆಯ ಸದ್ದು. ಮನೆಯ ಇನ್ವರ್ಟರ್ ಬೇರೆ, ಇದು ಬೇರೆ: ಎಂಜಿನ್ನಿನ ವಿದ್ಯುತ್ತನ್ನು ಒಮ್ಮೆ ಡಿಸಿ ಮಾಡಿ, ಮತ್ತೆ ಎಲೆಕ್ಟ್ರಾನಿಕ್ಸ್ ಮೂಲಕ ಶುದ್ಧ 50 ಹರ್ಟ್ಸ್ ಎಸಿ ಮಾಡಿ ಕೊಡುತ್ತದೆ. ಲೋಡು ಕಡಿಮೆಯಾದರೆ ಎಂಜಿನ್ ತಾನೇ ನಿಧಾನವಾಗುತ್ತದೆ, ಇಂಧನ ಉಳಿಯುತ್ತದೆ.

ಎರಡನೆಯದು ಪೈಪಿನ ತೆರೆದ ಚೌಕಟ್ಟಿನ, 212 ಸಿಸಿ ಎಂಜಿನ್ನಿನ ಸಾಮಾನ್ಯ ಜನರೇಟರ್. ಪೆಟ್ರೋಲಿನಲ್ಲಿ 2.8, ಎಲ್‌ಪಿಜಿಯಲ್ಲಿ 2.5 ಕಿಲೋವ್ಯಾಟ್. ವೋಲ್ಟೇಜನ್ನು ಒಂದೇ ಮಟ್ಟದಲ್ಲಿಡುವ ಎವಿಆರ್ ಇದೆ, ಸೆಲ್ಫ್ ಇದೆ, ಚಕ್ರ ಇದೆ. ತೂಕ 46 ಕಿಲೋ. ಸದ್ದು ಪವರ್ ಟಿಲ್ಲರಿನದ್ದೇ ತಮ್ಮ.

ಮೂರನೆಯದು ದೊಡ್ಡ ಇನ್ವರ್ಟರ್ ಜನರೇಟರ್, 3.2 ಕಿಲೋವ್ಯಾಟ್. ಎರಡನೆಯದರ ಎರಡು ಪಟ್ಟು ಬೆಲೆ. ಮಗನ ಮನಸ್ಸು ಇದರ ಮೇಲಿತ್ತು.

ನಾಲ್ಕನೆಯದು ಪುಕ್ಕಟೆ. ಸೌದಿಯಿಂದ ಊರಿಗೆ ಮರಳುವ ಸಂಬಂಧಿಕರೊಬ್ಬರು ಸಾಮಾನಿನ ಜೊತೆ ಕಳುಹಿಸುತ್ತೇನೆಂದ ಯಂತ್ರ. ಪುಕ್ಕಟೆ ಬಂದದ್ದನ್ನು ಬೇಡ ಎನ್ನುವುದು ಕಷ್ಟ, ಆದರೆ ಮೊದಲು ಬೇಡ ಎಂದದ್ದು ಇದನ್ನೇ. ಸೌದಿಯ ವಿದ್ಯುತ್ 60 ಹರ್ಟ್ಸ್, ನಮ್ಮದು 50. ದುಬೈ ಕಡೆಯದಾದರೆ 50 ಹರ್ಟ್ಸೇ, ತೊಂದರೆಯಿಲ್ಲ. 60 ಹರ್ಟ್ಸಿನಲ್ಲಿ ಪಂಪಿನ ಮೋಟಾರು ಶೇ. 20 ಜೋರಾಗಿ ತಿರುಗುತ್ತದೆ. ಪಂಪು ಕೇಳುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ 1.2ರ ಘನ, ಅಂದರೆ 1.7 ಪಟ್ಟಿಗೂ ಹೆಚ್ಚು ಹೊರೆ. ಒಂದು ಅಶ್ವಶಕ್ತಿಯ ಮೋಟಾರಿನ ಮೇಲೆ ಒಂದೂಮುಕ್ಕಾಲರ ಭಾರ ಬಿದ್ದರೆ ವೈಂಡಿಂಗ್ ಸುಡುತ್ತದೆ. ಎಂಜಿನ್ನಿನ ವೇಗ ಹಿಡಿದಿಡುವ ಗವರ್ನರಿನ ಸ್ಕ್ರೂ ತಿರುಗಿಸಿ ನಿಮಿಷಕ್ಕೆ 3600 ಸುತ್ತನ್ನು (ಆರ್‌ಪಿಎಂ) 3000ಕ್ಕೆ ಇಳಿಸುತ್ತೇನೆ ಎನ್ನುವ ಮೆಕ್ಯಾನಿಕ್ ಸಿಗಬಹುದು. ಹಾಗೆ ಮಾಡಿದರೆ ಎಂಜಿನ್ನಿನ ಶಕ್ತಿಯೂ ಇಳಿಯುತ್ತದೆ, ವೋಲ್ಟೇಜ್ ಎತ್ತಿ ಹಿಡಿಯಲು ಎವಿಆರ್ ಹೆಣಗಿ ವಿದ್ಯುತ್ ಹುಟ್ಟಿಸುವ ಆಲ್ಟರ್ನೇಟರ್ ಬಿಸಿಯಾಗುತ್ತದೆ. ಹೊರದೇಶದ ಯಂತ್ರ ಯಾವುದೇ ಇರಲಿ, ಅದರ ಪ್ಲೇಟಿನಲ್ಲಿ ಮೊದಲು ಓದಬೇಕಾದದ್ದು ಕಿಲೋವ್ಯಾಟ್ ಅಲ್ಲ, ಹರ್ಟ್ಸ್.

ದುಬಾರಿಯದು ಸೋತ ಬಗೆ

ಪಂಪನ್ನು ಅಂಗಡಿಗೆ ಒಯ್ಯಲಾಗದು, ಜನರೇಟರನ್ನು ಮನೆಗೆ ತರಬಹುದು. ಮೂರನ್ನೂ ಪರೀಕ್ಷೆಗೆ ತರಿಸಲಾಯಿತು. ಕೊಳ್ಳುವ ಮೊದಲು ಹೀಗೆ ಕೇಳುವುದರಲ್ಲಿ ಸಂಕೋಚ ಬೇಡ. ಒಪ್ಪದ ಅಂಗಡಿಯವರಿಗೆ ತಮ್ಮ ಯಂತ್ರದ ಮೇಲೆ ನಂಬಿಕೆ ಎಷ್ಟೆಂಬುದು ಅಲ್ಲಿಗೇ ತಿಳಿಯುತ್ತದೆ.

ಚಿಕ್ಕ ಇನ್ವರ್ಟರ್ ಜನರೇಟರ್ ಪಂಪಿನ ಸ್ವಿಚ್ ಒತ್ತಿದೊಡನೆ ಕೆಂಪು ದೀಪ ತೋರಿಸಿ ಕೈ ಚೆಲ್ಲಿತು. ನಿರೀಕ್ಷಿತವೇ. ದೊಡ್ಡದೂ ಅದನ್ನೇ ಮಾಡಿದ್ದು ಮನೆಯವರಿಗೆ ಆಶ್ಚರ್ಯ. 3.2 ಕಿಲೋವ್ಯಾಟಿನ ಯಂತ್ರಕ್ಕೆ, ಓಡುವಾಗ 1.3 ಕಿಲೋವ್ಯಾಟ್ ಎಳೆಯುವ ಪಂಪು ಎತ್ತಲಾಗದೇ? ಕಾರಣ ಇಷ್ಟು: ಇನ್ವರ್ಟರ್ ಜನರೇಟರಿನಲ್ಲಿ ವಿದ್ಯುತ್ ಹೊರಗೆ ಬರುವುದು ಟ್ರಾನ್ಸಿಸ್ಟರ್‌ಗಳ ಮೂಲಕ. ಅವುಗಳಿಗೆ ಒಂದು ಮಿತಿ, ಮಿತಿ ಮೀರಿದರೆ ತಮ್ಮನ್ನು ಉಳಿಸಿಕೊಳ್ಳಲು ಅವು ಕೂಡಲೇ ಬಾಗಿಲು ಮುಚ್ಚುತ್ತವೆ. 29 ಆಂಪಿಯರ್ ಅಂದರೆ 230 ವೋಲ್ಟಿನಲ್ಲಿ ಆರೂವರೆ ಕೆವಿಎಗೂ (ಸಾವಿರ ವೋಲ್ಟ್-ಆಂಪಿಯರ್) ಹೆಚ್ಚು, ಯಂತ್ರದ 3.2ರ ಎರಡು ಪಟ್ಟು. ತೆರೆದ ಚೌಕಟ್ಟಿನ ಹಳೇ ಮಾದರಿಯಲ್ಲಿ ಇರುವುದು ತಾಮ್ರದ ಸುರುಳಿ ಮತ್ತು 3000 ಆರ್‌ಪಿಎಂನಲ್ಲಿ ತಿರುಗುವ ಭಾರ. ಅದು ಒಂದು ಕ್ಷಣ ಬಗ್ಗುತ್ತದೆ, ವೋಲ್ಟೇಜ್ ಬೀಳುತ್ತದೆ, ಎಂಜಿನ್ ಒಮ್ಮೆ ಗುಡುಗುತ್ತದೆ, ಆಮೇಲೆ ಎದ್ದು ನಿಲ್ಲುತ್ತದೆ. ಪೆಟ್ರೋಲಿನಲ್ಲಿ ಓಡುತ್ತಿದ್ದಾಗ ವೋಲ್ಟೇಜ್ 235ರಿಂದ 165ಕ್ಕೆ ಬಿದ್ದು ಒಂದು ಸೆಕೆಂಡಿನೊಳಗೆ ಮೇಲೆ ಬಂತು. ಪಂಪು ಓಡಿತು.

ಎಲ್ಲ ಇನ್ವರ್ಟರ್ ಜನರೇಟರ್‌ಗಳೂ ಹೀಗೆಯೇ ಎಂದಲ್ಲ. ಕೆಲವು ಮಾದರಿಗಳು ವೋಲ್ಟೇಜ್ ಇಳಿಸಿ ಮೋಟಾರನ್ನು ಮೆಲ್ಲಗೆ ಎಬ್ಬಿಸುತ್ತವೆ. ಆದರೆ ಅದನ್ನು ಕಾಗದದ ಮೇಲಿನ ಕಿಲೋವ್ಯಾಟ್ ನೋಡಿ ಹೇಳಲಾಗದು, ಪಂಪಿಗೆ ಹಚ್ಚಿಯೇ ನೋಡಬೇಕು.

ಎಲ್‌ಪಿಜಿಗೆ ಬದಲಿಸಿದಾಗ ತೆರೆದ ಚೌಕಟ್ಟಿನದ್ದೂ ತಡವರಿಸಿತು. ಗ್ಯಾಸಿನಲ್ಲಿ ಶಕ್ತಿ ಹತ್ತರಲ್ಲೊಂದು ಪಾಲು ಕಡಿಮೆ. ಎಂಜಿನ್ನಿನ ಸಿಲಿಂಡರಿನೊಳಗೆ ಗಾಳಿಯ ಜಾಗವನ್ನು ಗ್ಯಾಸು ತಾನೇ ಆಕ್ರಮಿಸುವುದು ಇದಕ್ಕೆ ಮುಖ್ಯ ಕಾರಣ. ಫ್ರಿಡ್ಜ್, ದೀಪ ಎಲ್ಲ ಹಾಕಿರುವಾಗ ಪಂಪು ಒತ್ತಿದರೆ ಬಾವಿಯೊಳಗಿಂದ ಗುಂಯ್ ಎಂಬ ಸದ್ದು ಮಾತ್ರ, ನೀರಿಲ್ಲ. ಮೂರು ಸೆಕೆಂಡಿಗೆ ಸ್ವಿಚ್ ಆರಿಸಬೇಕಾಯಿತು. ತಪ್ಪು ಜನರೇಟರಿನದ್ದು ಎಂದು ಎಲ್ಲರೂ ನಿಶ್ಚಯಿಸಿದ್ದಾಗ ಎಲೆಕ್ಟ್ರಿಷಿಯನ್ ಗೋಡೆಯ ಮೇಲಿನ ಪಂಪ್ ಸ್ಟಾರ್ಟರ್ ಡಬ್ಬ ತೆರೆದ. ಒಳಗಿನ ಕೆಪ್ಯಾಸಿಟರಿನ ಮೇಲೆ ಬರೆದದ್ದು 25 ಮೈಕ್ರೋಫ್ಯಾರಡ್. ಮೀಟರ್ ತೋರಿಸಿದ್ದು 17. ತುದಿ ಸ್ವಲ್ಪ ಉಬ್ಬಿತ್ತು, ಬುಡದಲ್ಲಿ ಜಿಡ್ಡು ಒಸರಿತ್ತು. ಕೆಪ್ಯಾಸಿಟರ್ ಕುಗ್ಗಿದರೆ ಮೋಟಾರಿಗೆ ಎದ್ದೇಳುವ ಬಲ ಕುಗ್ಗುತ್ತದೆ. ಲೈನಿನ ಕರೆಂಟಿನಲ್ಲಿ ಹೇಗೋ ಎಳೆದುಕೊಂಡು ಹೋಗುವ ಪಂಪು ಜನರೇಟರಿನಲ್ಲಿ ಮೊಂಡು ಹಿಡಿಯುತ್ತದೆ. ಅದೇ ಅಳತೆಯ, 440 ವೋಲ್ಟಿನ ಹೊಸ ಕೆಪ್ಯಾಸಿಟರ್ ಹಾಕಿದ ಮೇಲೆ ಗ್ಯಾಸಿನಲ್ಲೂ ಪಂಪು ಎತ್ತಿತು, ಬೇರೆ ಲೋಡು ಆರಿಸಿರಬೇಕು ಎಂಬ ಷರತ್ತಿನೊಂದಿಗೆ. ಡೆಲಿವರಿ ಪೈಪಿನ ಗೇಟ್ ವಾಲ್ವನ್ನು ಮೂರರಲ್ಲೊಂದು ಪಾಲು ಮುಚ್ಚಿದಾಗ ಓಡುವ ಕರೆಂಟು 6.9ರಿಂದ 6ಕ್ಕೆ ಇಳಿಯಿತು. ಟ್ಯಾಂಕಿ ತುಂಬಲು ಎಂಟು ನಿಮಿಷ ಹೆಚ್ಚಾದರೆ ಆಗಲಿ.

ಕೊಂಡದ್ದು ಎರಡನೆಯದನ್ನು.

ಯಾವ ಸಿಲಿಂಡರ್

ಎರಡು ಇಂಧನದ ಯಂತ್ರದ ಜಾಹೀರಾತಿನಲ್ಲಿ ಗ್ಯಾಸು ಬಹಳ ಸಲೀಸು. ನಮ್ಮಲ್ಲಿ ಅದಕ್ಕೆ ಎರಡು ತೊಡಕು.

ಮೊದಲನೆಯದು ಕಾನೂನಿನದ್ದು. ಅಡುಗೆಗೆ ಬರುವ 14.2 ಕಿಲೋ ಸಿಲಿಂಡರ್ ಅಡುಗೆಗೆ ಮಾತ್ರ. ಅದನ್ನು ಜನರೇಟರಿಗೆ ಹಚ್ಚುವುದು ನಿಯಮಕ್ಕೆ ವಿರುದ್ಧ. ಅನಾಹುತವಾದರೆ ಸಿಲಿಂಡರಿನ ವಿಮೆಯ ಮಾತೂ ಕಷ್ಟಕ್ಕೆ ಬೀಳುತ್ತದೆ. ಉಳಿಯುವುದು 19 ಕಿಲೋದ ವಾಣಿಜ್ಯ ಸಿಲಿಂಡರ್ ಮತ್ತು ಗುರುತಿನ ಚೀಟಿ ತೋರಿಸಿ ಮಾರುಕಟ್ಟೆ ದರಕ್ಕೆ ಕೊಳ್ಳುವ 5 ಕಿಲೋದ ಸಣ್ಣದು. ವಿತರಕರ ಬಳಿ ಬಳಕೆ ಏನೆಂದು ಮುಚ್ಚುಮರೆಯಿಲ್ಲದೆ ಹೇಳಿಯೇ ಸಂಪರ್ಕ ಪಡೆಯಬೇಕು.

ಎರಡನೆಯದು ಆವಿಯದ್ದು. ಸಿಲಿಂಡರಿನೊಳಗೆ ದ್ರವವಾಗಿರುವ ಗ್ಯಾಸು ಆವಿಯಾಗಲು ಸುತ್ತಲಿನಿಂದ ಶಾಖ ಎಳೆದುಕೊಳ್ಳಬೇಕು. ಗಂಟೆಗೆ ಒಂದು ಕಿಲೋ ಆವಿ ಎಳೆದರೆ ಸುಮಾರು 100 ವ್ಯಾಟಿನಷ್ಟು ಶಾಖ ಸಿಲಿಂಡರಿನ ಮೈಯಿಂದ ಹೋಗುತ್ತದೆ. 5 ಕಿಲೋದ ಪುಟ್ಟ ಮೈಗೆ ಇದು ಹೆಚ್ಚಾಯಿತು. ಮೊದಲು ಹೊರಗೆ ಬೆವರು, ಆಮೇಲೆ ಮುಟ್ಟಿದರೆ ಕೈ ಕೊರೆಯುವ ತಣ್ಪು, ಕೊನೆಗೆ ಒತ್ತಡ ಇಳಿದು ಎಂಜಿನ್ ಕೆಮ್ಮುತ್ತದೆ. ಅರ್ಧ ಗ್ಯಾಸು ಇನ್ನೂ ಒಳಗಿರುವಾಗಲೇ! 19 ಕಿಲೋದ್ದಕ್ಕೆ ಮೈ ದೊಡ್ಡದು, ಈ ತಾಪತ್ರಯ ಬಾರದು. ಸಣ್ಣದು ನಾಲ್ಕೈದು ದೀಪಕ್ಕೆ ಸರಿ, ಮನೆಗೆ 19 ಕಿಲೋದ್ದೇ.

ಯಂತ್ರದ ಪೆಟ್ಟಿಗೆಯಲ್ಲಿ ಬಂದ ಪೈಪಿನ ತುದಿಗೆ ಅಮೆರಿಕದ ಸಿಲಿಂಡರಿಗೆ ಹೊಂದುವ ತಿರುಪು ಇತ್ತು. ನಮ್ಮ ವಾಲ್ವಿಗೆ ಅದು ಕೂರುವುದಿಲ್ಲ, ಕೂರಿಸುವ ಸಾಹಸವನ್ನೂ ಮಾಡಬಾರದು. ಸಿಲಿಂಡರಿಗೆ ಹೊಂದುವ ಕಡಿಮೆ ಒತ್ತಡದ ರೆಗ್ಯುಲೇಟರನ್ನು ವಿತರಕರಿಂದಲೇ ತಂದು, ಐಎಸ್ 9573 ಗುರುತಿರುವ ಒಂದೂವರೆ ಮೀಟರ್ ರಬ್ಬರ್ ಪೈಪು, ಎರಡು ತುದಿಗೂ ಕ್ಲಿಪ್ಪು ಹಾಕಲಾಯಿತು. ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ನೋಡುವುದು ಪ್ರತಿ ಸಲ ಸಿಲಿಂಡರ್ ಬದಲಿಸಿದಾಗಲೂ.

ಖರ್ಚಿನ ಲೆಕ್ಕ ಹೀಗೆ. ಪಂಪು, ಫ್ರಿಡ್ಜ್, ಬ್ಯಾಟರಿ ಚಾರ್ಜ್ ಎಲ್ಲ ಸೇರಿ ಸರಾಸರಿ 800 ವ್ಯಾಟ್ ಲೋಡಿನಲ್ಲಿ ಈ ಎಂಜಿನ್ ಗಂಟೆಗೆ ಸುಮಾರು 0.6 ಕಿಲೋ ಗ್ಯಾಸು ಅಥವಾ 0.85 ಲೀಟರ್ ಪೆಟ್ರೋಲ್ ಕುಡಿಯಿತು. ವಾಣಿಜ್ಯ ಸಿಲಿಂಡರಿಗೆ 1,800 ರೂಪಾಯಿ, ಪೆಟ್ರೋಲ್ ಲೀಟರಿಗೆ 103 ಎಂದು ಇಟ್ಟುಕೊಂಡರೆ ಗ್ಯಾಸಿಗೆ ಗಂಟೆಗೆ 57, ಪೆಟ್ರೋಲಿಗೆ 88. ದಿನಕ್ಕೆ ಐದು ಗಂಟೆ ಓಡಿಸಿದರೆ ಒಂದು ಸಿಲಿಂಡರ್ ಆರು ದಿನ ದಾಟುತ್ತದೆ. ದರ ಏರಿಳಿದರೆ ಅಂಕಿ ಬದಲಾದೀತು, ಲೆಕ್ಕದ ರೀತಿ ಇದೇ.

ಆದರೆ ಗ್ಯಾಸಿನ ನಿಜವಾದ ಲಾಭ ಹಣದ್ದಲ್ಲ, ಕೂಡಿಡುವುದರದ್ದು. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ, ಎಥನಾಲ್ ತೇವ ಹೀರುತ್ತದೆ. ಜುಲೈ–ಆಗಸ್ಟಿನ ಆಟಿ ತಿಂಗಳಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿನಲ್ಲಿ ಅರ್ಧ ತುಂಬಿದ ಕ್ಯಾನು ಎರಡು ತಿಂಗಳು ಕೂತರೆ ಕಾರ್ಬುರೇಟರಿಗೆ ಹೋಗುವುದು ನೀರು ಬೆರೆತ ಪಸೆ. ಪರವಾನಗಿ ಇಲ್ಲದೆ ಮನೆಯಲ್ಲಿಡಬಹುದಾದ ಪೆಟ್ರೋಲಿಗೂ 30 ಲೀಟರಿನ ಮಿತಿಯಿದೆ, ಅದೂ ಬಿಗಿಯಾಗಿ ಮುಚ್ಚಿದ ಲೋಹದ ಡಬ್ಬದಲ್ಲಿ. ಸಿಲಿಂಡರಿನ ಗ್ಯಾಸು ವರ್ಷಗಟ್ಟಲೆ ಕೂತರೂ ಹಾಳಾಗುವುದಿಲ್ಲ. ಆದ್ದರಿಂದ ಮನೆಯ ಕ್ರಮ: ಮಾಮೂಲಿಗೆ ಗ್ಯಾಸು, ಪಂಪು ಹಟ ಹಿಡಿದರೆ ಅಥವಾ ಸಿಲಿಂಡರ್ ಮುಗಿದರೆ ಪೆಟ್ರೋಲ್. ಡಬ್ಬದಲ್ಲಿ ಹತ್ತು ಲೀಟರ್ ಮಾತ್ರ, ತಿಂಗಳಿಗೊಮ್ಮೆ ಅದನ್ನು ಸ್ಕೂಟರಿಗೆ ಸುರಿದು ಹೊಸದು ತರುವುದು.

ಮಳೆಯಲ್ಲಿ ಎಲ್ಲಿಡುವುದು

ಜನರೇಟರಿನಿಂದ ಜನ ಸಾಯುವುದು ಕರೆಂಟು, ಗ್ಯಾಸಿನಿಂದ ಮಾತ್ರ ಅಲ್ಲ, ಹೊಗೆಯಿಂದಲೂ. ಮಳೆ ಜೋರಾಗಿ ಹೊಡೆಯುವಾಗ ಜನರೇಟರನ್ನು ಜಗಲಿಗೋ ಹಟ್ಟಿಗೋ ಎಳೆದು ತರುವುದು ಸಹಜವಾಗಿ ಬರುವ ಯೋಚನೆ. ಎಂಜಿನ್ನಿನ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗ್ಯಾಸಿನಲ್ಲಿ ಓಡಿಸಿದರೆ ಅದು ಬಾರದು ಎಂಬುದು ಸುಳ್ಳು. ಕಿಟಕಿ ತೆರೆದಿಟ್ಟರೆ ಸಾಕು ಎಂಬುದೂ ಸುಳ್ಳು. ತಲೆಭಾರ, ವಾಕರಿಕೆ, ನಿದ್ದೆ, ಅಷ್ಟೇ ಮುನ್ಸೂಚನೆ. ದನಕ್ಕೂ ಅದೇ ಗತಿ.

ಈ ಮನೆಯಲ್ಲಿ ಕಿಟಕಿಗಳಿಂದ ಏಳು ಮೀಟರ್ ದೂರ, ಮನೆಯ ಈಶಾನ್ಯಕ್ಕೆ ಜಾಗ ಗುರುತಿಸಲಾಯಿತು. ಮಳೆಗಾಲದ ಗಾಳಿ ನೈಋತ್ಯ, ಪಶ್ಚಿಮದಿಂದ ಬೀಸುವುದರಿಂದ ಹೊಗೆ ಮನೆಯಿಂದಾಚೆಗೆ ಹೋಗುತ್ತದೆ. ಒಂದಡಿ ಎತ್ತರದ ಕಾಂಕ್ರೀಟ್ ಕಟ್ಟೆ, ಮೇಲೆ ಆರಡಿ ಎತ್ತರಕ್ಕೆ ತಗಡಿನ ಮಾಡು, ಎರಚಲು ತಡೆಯಲು ಪಶ್ಚಿಮಕ್ಕೆ ಮಾತ್ರ ಮುರಕಲ್ಲಿನ ಅರ್ಧ ಗೋಡೆ, ಉಳಿದ ಮೂರು ಕಡೆ ಬಯಲು. ಸೈಲೆನ್ಸರ್ ಮುಖ ಗೋಡೆಗಲ್ಲ, ತೋಟದ ಕಡೆಗೆ. ಸಿಲಿಂಡರ್ ನೇರವಾಗಿ ನಿಲ್ಲಿಸಿ, ಸೈಲೆನ್ಸರಿಗೆ ಎದುರು ಬದಿಯಲ್ಲಿ. ಮೊದಲು ನೋಡಿದ್ದ ಜಾಗ ಬಾವಿಕಟ್ಟೆಯ ಪಕ್ಕ. ಪಂಪಿಗೆ ಹತ್ತಿರ, ಕೇಬಲ್ ಉಳಿತಾಯ. ಅದನ್ನು ಕೈಬಿಟ್ಟ ಕಾರಣ, ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಿದು ಬಾವಿಯಂಥ ತಗ್ಗಿನಲ್ಲಿ ಕೂರುತ್ತದೆ.

ಜೋಡಣೆ

ಮೀಟರ್ ಬೋರ್ಡಿನ ಪಕ್ಕದಲ್ಲಿ, ಮನೆಯನ್ನು ಲೈನಿಗೋ ಜನರೇಟರಿಗೋ ಜೋಡಿಸುವ, 40 ಆಂಪಿಯರಿನ ಎರಡು ಪೋಲಿನ ಚೇಂಜ್‌ಓವರ್ ಸ್ವಿಚ್. ಫೇಸ್, ನ್ಯೂಟ್ರಲ್ ಎರಡನ್ನೂ ಅದು ಬದಲಿಸಬೇಕು. ಪ್ಲಗ್ ಪಾಯಿಂಟಿಗೆ ಎರಡೂ ತುದಿ ಗಂಡು ಪಿನ್ನಿನ ವೈರು ಸಿಕ್ಕಿಸಿ ಮನೆಗೆ ಕರೆಂಟು ಕೊಡುವ ಚಾಳಿ ಇದೆಯಲ್ಲ, ಅದು ಕೊಲೆಗೆ ಸಮ. ಮೈನ್ ಆರಿಸಲು ಮರೆತರೆ ಜನರೇಟರಿನ 230 ವೋಲ್ಟು ಟ್ರಾನ್ಸ್‌ಫಾರ್ಮರಿನಲ್ಲಿ ಹಿಂದಕ್ಕೆ ಹತ್ತಿ 11 ಸಾವಿರವಾಗುತ್ತದೆ, ಕಂಬದ ಮೇಲೆ ಮಳೆಯಲ್ಲಿ ತಂತಿ ಕಟ್ಟುತ್ತಿರುವ ಲೈನ್‌ಮನ್ ಕೈಗೆ ತಾಗುತ್ತದೆ.

ಜನರೇಟರಿನಿಂದ ಸ್ವಿಚ್‌ಗೆ ಮೂರು ಕೋರಿನ 4 ಚದರ ಮಿಲಿಮೀಟರ್ ತಾಮ್ರದ ಕೇಬಲ್, 15 ಮೀಟರ್, ಮಧ್ಯೆ ಮಿತಿ ಮೀರಿದರೆ ತಾನೇ ಬೀಳುವ 16 ಆಂಪಿಯರ್ ಎಂಸಿಬಿ. ಎರಡೂವರೆಯದು ಕರೆಂಟಿಗೆ ಸಾಲುತ್ತಿತ್ತು. ಪಂಪು ಎದ್ದೇಳುವಾಗ ಒಂದೊಂದು ವೋಲ್ಟೂ ಬೇಕಾಗುವುದರಿಂದ ದಪ್ಪದ್ದು.

ಒಂದು ವಿಷಯ ಎಲೆಕ್ಟ್ರಿಷಿಯನ್‌ಗಳೂ ತಪ್ಪಿಸುವುದುಂಟು. ಇಂಥ ಜನರೇಟರಿನ ನ್ಯೂಟ್ರಲ್ ಸಾಮಾನ್ಯವಾಗಿ ಅರ್ತಿಗೆ ಕೂಡಿರುವುದಿಲ್ಲ. ಹಾಗೇ ಬಿಟ್ಟರೆ ಯಾರಿಗಾದರೂ ಶಾಕ್ ಹೊಡೆದಾಗ, ಕರೆಂಟು ಸೋರಿದೊಡನೆ ಲೈನು ಕಡಿಯಬೇಕಾದ ಮನೆಯ ಆರ್‌ಸಿಸಿಬಿ ಬೀಳುವುದಿಲ್ಲ, ಸೋರಿದ ಕರೆಂಟಿಗೆ ಹಿಂದಿರುಗುವ ದಾರಿಯೇ ಇರುವುದಿಲ್ಲ. ಚೇಂಜ್‌ಓವರ್ ನ್ಯೂಟ್ರಲನ್ನೂ ಬದಲಿಸುತ್ತದಾದ್ದರಿಂದ ಜನರೇಟರ್ ಬದಿಯಲ್ಲಿ, ಒಂದೇ ಒಂದು ಕಡೆ, ನ್ಯೂಟ್ರಲನ್ನು ಅರ್ತಿಗೆ ಕೂಡಿಸಬೇಕು. ಕೂಡಿಸಿದ ಮೇಲೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದರೆ ಸಾಲದು. ಆ ಬಟನ್ ಅರ್ತಿನ ದಾರಿಯನ್ನು ಪರೀಕ್ಷಿಸುವುದಿಲ್ಲ, ಆರ್‌ಸಿಸಿಬಿ ಟೆಸ್ಟರಿನಿಂದಲೇ ನೋಡಬೇಕು.

ಮನೆಯ ಇನ್ವರ್ಟರ್ ಮೊದಲ ದಿನ ಜನರೇಟರಿನ ಕರೆಂಟನ್ನು ಒಪ್ಪಲೇ ಇಲ್ಲ. ಅದು ಯುಪಿಎಸ್ ಮೋಡಿನಲ್ಲಿತ್ತು. ಆ ಮೋಡಿನಲ್ಲಿ ವೋಲ್ಟೇಜಿನ ಸಹನೆ ಕಡಿಮೆ. ಹಿಂಬದಿಯ ಸ್ವಿಚ್ಚನ್ನು ಸಾಮಾನ್ಯ ಮೋಡಿಗೆ ತಳ್ಳಿದಾಗ ಚಾರ್ಜಿಂಗ್ ಶುರುವಾಯಿತು. 15 ಆಂಪಿಯರಿನಲ್ಲಿ ಐದು ಗಂಟೆ ಎಂದರೆ 75 ಆಂಪಿಯರ್-ಅವರ್, ಬ್ಯಾಟರಿಯ ಅರ್ಧ. ರಾತ್ರಿ ಒಂದೆರಡು ದೀಪ, ಒಂದು ಫ್ಯಾನಿಗೆ ಅದು ಸಾಕು. ಬ್ಯಾಟರಿ ಪೂರ್ತಿ ತುಂಬಿಸುತ್ತೇನೆಂದು 250 ವ್ಯಾಟಿನ ಲೋಡಿಗೆ 212 ಸಿಸಿ ಎಂಜಿನ್ನನ್ನು ಹತ್ತು ಗಂಟೆ ಓಡಿಸುವುದು ಇಂಧನ ದಂಡ. ಹಾಗಾಗಿ ಬೆಳಿಗ್ಗೆ ಎರಡು ಗಂಟೆ, ಸಂಜೆ ಮೂರು. ಪಂಪು, ದೋಸೆಗೆ ಅರೆಯುವುದು, ಬಟ್ಟೆ ಒಗೆಯುವುದು ಎಲ್ಲ ಆ ಹೊತ್ತಿಗೇ. ಫ್ರಿಡ್ಜ್ ಬಾಗಿಲು ತೆರೆಯದಿದ್ದರೆ ನಡುವಿನ ಹೊತ್ತನ್ನು ತಡೆದುಕೊಳ್ಳುತ್ತದೆ. ಜೂನ್, ಜುಲೈ ಟ್ರಾಲಿಂಗ್ ನಿಷೇಧದ ತಿಂಗಳುಗಳಾದ್ದರಿಂದ ಫ್ರೀಜರಿನಲ್ಲಿ ಮೀನಿನ ಚಿಂತೆ ಹೇಗೂ ಕಡಿಮೆ.

ಮೊದಲ ಮಳೆಗಾಲದಲ್ಲಿ ಕೆಟ್ಟದ್ದು

ಕಟ್ಟೆ ಒಣಗುವ ಮುನ್ನ ಯಂತ್ರವನ್ನು ಅಂಗಳದಲ್ಲೇ ಇಟ್ಟು ಓಡಿಸಿದಾಗ ಹತ್ತು ನಿಮಿಷಕ್ಕೊಮ್ಮೆ ತಾನೇ ನಿಂತಿತು. ನೀರು ಹರಿಯಲೆಂದು ಅಂಗಳಕ್ಕೆ ಇಳಿಜಾರು ಕೊಟ್ಟಿರುತ್ತೇವೆ. ಯಂತ್ರ ಓರೆಯಾದರೆ 600 ಮಿಲಿ ಲೀಟರ್ ಆಯಿಲ್ ಒಂದು ಬದಿಗೆ ಸರಿದು, ಆಯಿಲ್ ಕಡಿಮೆಯಾಗಿದೆ ಎಂದು ಸೆನ್ಸರ್ ಎಂಜಿನ್ ನಿಲ್ಲಿಸುತ್ತದೆ.

ಜುಲೈಯಲ್ಲಿ ಪೆಟ್ರೋಲಿನಿಂದ ಗ್ಯಾಸಿಗೆ ನೇರ ತಿರುಗಿಸಿದಾಗ ಕಪ್ಪು ಹೊಗೆ ಬಿಟ್ಟು ನಿಂತಿತು. ಕಾರ್ಬುರೇಟರ್ ಬಟ್ಟಲಿನಲ್ಲಿ ಉಳಿದ ಪೆಟ್ರೋಲೂ ಗ್ಯಾಸೂ ಒಟ್ಟಿಗೆ ಹೋಗಿ ಪ್ಲಗ್ ಒದ್ದೆ. ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನೇ ಉಸಿರು ಬಿಡುವವರೆಗೆ ಓಡಿಸಿ, ಆಮೇಲೆ ಗುಬುಟು ತಿರುಗಿಸಬೇಕು.

ಆಗಸ್ಟಿನ ಕೊನೆಗೆ ಗ್ಯಾಸಿನಲ್ಲಿ ಸ್ಟಾರ್ಟೇ ಆಗಲಿಲ್ಲ. ಸಿಲಿಂಡರ್ ತುಂಬಿತ್ತು, ಪ್ಲಗ್ಗಿನ ಕಿಡಿ ಚೆನ್ನಾಗಿತ್ತು, ಪೆಟ್ರೋಲಿನಲ್ಲಾದರೆ ಒಂದೇ ಎಳೆತಕ್ಕೆ ಹತ್ತುತ್ತಿತ್ತು. ತಪ್ಪು ಇದ್ದದ್ದು ಯಂತ್ರದ ಬದಿಯ ಡಿಮ್ಯಾಂಡ್ ರೆಗ್ಯುಲೇಟರಿನಲ್ಲಿ. ಎಂಜಿನ್ ಗಾಳಿ ಎಳೆದಾಗ ಮಾತ್ರ ಗ್ಯಾಸು ಬಿಡುವ ಡಯಾಫ್ರಮ್ ಅದರೊಳಗಿದೆ, ಅದಕ್ಕೆ ಉಸಿರಾಡಲು ಗುಂಡುಸೂಜಿ ದಪ್ಪದ ಒಂದು ರಂಧ್ರ. ಕಣಜವೊಂದು ಆ ರಂಧ್ರಕ್ಕೆ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಮಣ್ಣನ್ನು ಮೆಲ್ಲಗೆ ಕೆರೆದು ತೆಗೆದು, ಮೇಲೆ ಸೊಳ್ಳೆ ಪರದೆಯ ತಂತಿ ಬಲೆಯ ತುಂಡು ಕಟ್ಟಿದ ನಂತರ ಮತ್ತೆ ತೊಂದರೆ ಬಂದಿಲ್ಲ. ತಂತಿಯಿಂದ ಚುಚ್ಚಿದ್ದರೆ ಡಯಾಫ್ರಮ್ ಹರಿದು ಇಡೀ ರೆಗ್ಯುಲೇಟರೇ ಬದಲಾಗಬೇಕಿತ್ತು.

ಆಯಿಲ್ ಮೊದಲ 20 ಗಂಟೆಗೆ ಬದಲು, ಆಮೇಲೆ 50 ಗಂಟೆಗೊಮ್ಮೆ. ಸೆಲ್ಫಿನ ಚಿಕ್ಕ ಬ್ಯಾಟರಿ ಎರಡು ತಿಂಗಳು ಕೂತರೆ ಸಾಯುತ್ತದೆ, ಹಗ್ಗ ಎಳೆಯಲು ಹಿರಿಯರಿಂದ ಆಗದು. ಅದಕ್ಕೆಂದೇ ತಿಂಗಳ ಮೊದಲ ಭಾನುವಾರ 15 ನಿಮಿಷ, ಪಂಪಿನ ಲೋಡು ಕೊಟ್ಟು ಓಡಿಸುವುದು.

ಮಗನ ಪಟ್ಟಿ ಏನಾಯಿತು

ಗದ್ದೆಯ ಪಂದ್ಯಾಟಕ್ಕೆ 200 ವ್ಯಾಟಿನ ಎಂಟು ಎಲ್‌ಇಡಿ ಫ್ಲಡ್‌ಲೈಟ್, ಒಟ್ಟು 1.6 ಕಿಲೋವ್ಯಾಟ್. ಯಂತ್ರ ಲೀಲಾಜಾಲವಾಗಿ ಎಳೆಯಿತು. ಅಲ್ಲಿ ಸದ್ದಿನ ಲೆಕ್ಕ ಯಾರಿಗೂ ಇಲ್ಲ, ವೀಕ್ಷಕ ವಿವರಣೆಯವನ ಧ್ವನಿಯೇ ಅದಕ್ಕಿಂತ ಜೋರು. ಧ್ವನಿವರ್ಧಕ ಮಾತ್ರ ರಾತ್ರಿ ಹತ್ತಕ್ಕೆ ನಿಲ್ಲಬೇಕು.

ತಾಳಮದ್ದಳೆಗೆ ಪೂರ್ತಿ ಸೋಲು. ಬೇಕಾದದ್ದು 300 ವ್ಯಾಟ್, ಆದರೆ ತಾಳಮದ್ದಳೆ ಮಾತಿನ ಕಲೆ. ಪಾತ್ರದ ಮಾತಾಡುವ ಅರ್ಥಧಾರಿ ಒಂದು ಕ್ಷಣ ಮೌನವಾಗಿ ಕೂತು ಎದುರಾಳಿಯನ್ನು ದಿಟ್ಟಿಸುವಾಗ ಆ ಮೌನದಲ್ಲಿ ಕೇಳಿಸಿದ್ದು ಎಂಜಿನ್. 30 ಮೀಟರ್ ಕೇಬಲ್ ಎಳೆದು ಯಂತ್ರವನ್ನು ತೋಟದೊಳಗೆ ಒಯ್ದರೂ ರಾತ್ರಿಯ ನಿಶ್ಶಬ್ದದಲ್ಲಿ ಅದು ಅಡಗಲಿಲ್ಲ. ಮುಂದಿನ ವರ್ಷ ಜನರೇಟರನ್ನು ಆರಿಸಿ, ಮೈಕ್ ಸೆಟ್ಟನ್ನು ಮನೆಯ ಇನ್ವರ್ಟರಿಗೇ ಹಚ್ಚಿದರು, ಐದು ಗಂಟೆ ಓಡಿತು. ಹೊಳೆ ಬದಿಯ ಡೇರೆಗೆ 46 ಕಿಲೋ ಹೊತ್ತೊಯ್ಯುವ ಉಮೇದು ಒಂದೇ ಸಲಕ್ಕೆ ಇಳಿಯಿತು. ನಾಲ್ಕು ದೀಪ, ಆರು ಫೋನು ಎಂದರೆ ಒಂದು ರಾತ್ರಿಗೆ 300 ವ್ಯಾಟ್-ಅವರ್ ಸಾಕು. ಅದಕ್ಕೆ ಕೈಯಲ್ಲಿ ಹಿಡಿಯುವ ಲಿಥಿಯಂ ಬ್ಯಾಟರಿ ಪೆಟ್ಟಿಗೆಯೇ ಸರಿಯಾದದ್ದು. ದೊಡ್ಡ ಇನ್ವರ್ಟರ್ ಜನರೇಟರ್ ಕೊಂಡಿದ್ದರೆ ಆಗುತ್ತಿದ್ದ ಹೆಚ್ಚುವರಿ ಖರ್ಚಿನ ಅರ್ಧಕ್ಕಿಂತ ಕಡಿಮೆಗೆ ಅದು ಬಂತು.

ಚೇಂಜ್‌ಓವರ್ ಸ್ವಿಚ್ಚಿನ ಮುಚ್ಚಳದ ಒಳಬದಿಗೆ ಸೊಸೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ ಚೀಟಿ ಹೀಗಿದೆ: "ಮಾವ, ಮೊದಲು ಎಲ್ಲ ಸ್ವಿಚ್ ಆಫ್. ಚೇಂಜ್‌ಓವರ್ ನಡುವಿಗೆ. ಗ್ಯಾಸ್ ಓಪನ್, ಸೆಲ್ಫ್ ಒತ್ತಿ, ಎರಡು ನಿಮಿಷ ಸುಮ್ಮನೆ ಓಡಲಿ. ಚೇಂಜ್‌ಓವರ್ ಕೆಳಕ್ಕೆ. ಮೊದಲು ಪಂಪು. ಟ್ಯಾಂಕಿ ತುಂಬಿದ ಮೇಲೆ ಫ್ರಿಡ್ಜ್. ಟಿವಿ ಕೊನೆಗೆ."